ಕುರಿ, ಕುರು, ಹುಚ್ಚು ಹಸು: ಒಂದು ತಪ್ಪು ಮಡಿಕೆಯ ಚರಿತ್ರೆ

ಹಸು ಹುಲ್ಲು ತಿನ್ನುವ ಪ್ರಾಣಿ. ಇದನ್ನು ಹೇಳಲು ವಿಜ್ಞಾನಿ ಬೇಕಿಲ್ಲ, ಹಟ್ಟಿಯಲ್ಲಿ ಆಡುವ ಮಗುವಿಗೂ ಗೊತ್ತು. ಆದರೆ ಬ್ರಿಟನ್ನಿನಲ್ಲಿ ಹಲವು ದಶಕಗಳ ಕಾಲ ಹಾಲು ಕರೆಯುವ ಹಸುಗಳಿಗೆ, ಎಳೆಗರುಗಳಿಗೆ ಕಸಾಯಿಖಾನೆಯ ಉಳಿಕೆಯಿಂದ ಮಾಡಿದ ಮಾಂಸ-ಮೂಳೆಯ ಪುಡಿಯನ್ನು ಪಶು ಆಹಾರದಲ್ಲಿ ಬೆರೆಸಿ ತಿನ್ನಿಸಿದರು. ಅಂದರೆ ಹಸುವಿಗೆ ಹಸುವನ್ನೇ ತಿನ್ನಿಸಿದರು. ಹಾಲು ಹೆಚ್ಚಬೇಕು, ಖರ್ಚು ಕಡಿಮೆಯಾಗಬೇಕು ಎಂಬುದು ಲೆಕ್ಕ. ಕೊನೆಗೆ ಬಂದ ಲೆಕ್ಕ ಬೇರೆ. 1,80,000ಕ್ಕೂ ಹೆಚ್ಚು ದನಗಳಿಗೆ ಮಿದುಳು ತೂತು ಬೀಳುವ ಕಾಯಿಲೆ ಬಂತು. ಅದನ್ನು ತಡೆಯಲು ಸುಮಾರು 44 ಲಕ್ಷ ದನಗಳನ್ನು ಕೊಂದು ಸುಟ್ಟರು. ಬ್ರಿಟನ್ ಒಂದರಲ್ಲೇ 178 ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಎಳೆಯ ವಯಸ್ಸಿನವರು.

ಇದಕ್ಕೆ ಕಾರಣ ಬ್ಯಾಕ್ಟೀರಿಯಾ ಅಲ್ಲ, ವೈರಸ್ ಅಲ್ಲ, ವಿಷವೂ ಅಲ್ಲ. ನಮ್ಮ ದೇಹದಲ್ಲಿ, ದನದ ದೇಹದಲ್ಲಿ, ಕುರಿಯ ದೇಹದಲ್ಲಿ ಮೊದಲೇ ಇರುವ ಒಂದು ಪ್ರೋಟೀನ್. ಅದು ಮಡಚಿಕೊಳ್ಳಬೇಕಾದ ರೀತಿಯಲ್ಲಿ ಮಡಚಿಕೊಳ್ಳದೆ ಬೇರೆ ರೀತಿ ಮಡಚಿಕೊಂಡರೆ ಸಾಕು, ಅದೇ ಕಾಯಿಲೆ. ಈ ಮಾತನ್ನು ಮೊದಲು ಹೇಳಿದವರನ್ನು ಸಹೋದ್ಯೋಗಿಗಳೇ ನಂಬಲಿಲ್ಲ. ನಂಬುವಂತೆ ಮಾಡಲು ದಶಕಗಳೇ ಹಿಡಿದವು. ಆ ದಾರಿಯಲ್ಲಿ ಯುರೋಪಿನ ಕುರಿಗಾಹಿಗಳಿದ್ದಾರೆ, ಪಪುವಾ ನ್ಯೂಗಿನಿಯ ಗುಡ್ಡಗಾಡಿನ ಹೆಂಗಸರಿದ್ದಾರೆ, ಅಮೆರಿಕದ ಒಬ್ಬ ಹಟಮಾರಿ ಡಾಕ್ಟರ್ ಇದ್ದಾರೆ. ಅವರ ಕಥೆ ಒಂದೊಂದಾಗಿ ನೋಡೋಣ.

ಮೊದಲು ಪ್ರೋಟೀನ್ ಎಂದರೇನು

ಪ್ರೋಟೀನ್ ಎಂದರೆ ನಮಗೆ ಬೇಳೆ, ಮೊಟ್ಟೆ, ಹಾಲು ನೆನಪಾಗುತ್ತವೆ. ತಿನ್ನುವ ಮಟ್ಟಿಗೆ ಅದು ಸರಿ. ದೇಹದ ಒಳಗೆ ಪ್ರೋಟೀನ್ ಎಂದರೆ ಕೆಲಸಗಾರ. ರಕ್ತದಲ್ಲಿ ಆಮ್ಲಜನಕ ಹೊರುವುದು, ಅನ್ನ ಅರಗಿಸುವುದು, ಸ್ನಾಯು ಎಳೆಯುವುದು ಎಲ್ಲ ಪ್ರೋಟೀನುಗಳ ಕೆಲಸ.

ಪ್ರತಿ ಪ್ರೋಟೀನೂ ಒಂದು ಉದ್ದ ಸರ. ಅದರ ಮಣಿಗಳಿಗೆ ಅಮೈನೋ ಆಮ್ಲ ಎಂದು ಹೆಸರು. ಮಣಿಗಳಲ್ಲಿ 20 ಬಗೆ. ಈ ಸರ ತಯಾರಾದ ಕೂಡಲೇ ಹಾಗೇ ಉದ್ದಕ್ಕೆ ಬಿದ್ದಿರುವುದಿಲ್ಲ. ಸುರುಳಿಯಾಗಿ, ಮಡಿಕೆಯಾಗಿ, ಒಂದು ನಿರ್ದಿಷ್ಟ ಆಕಾರಕ್ಕೆ ಬರುತ್ತದೆ. ಬೀಗದ ಕೀ ಹೇಗೋ ಹಾಗೆ. ಕೀ ಮಾಡಿದ ಕಬ್ಬಿಣ ಒಂದೇ ಆದರೂ ಹಲ್ಲಿನ ಆಕಾರ ತಪ್ಪಿದರೆ ಬೀಗ ತೆರೆಯುವುದಿಲ್ಲ. ಪ್ರೋಟೀನಿಗೂ ಆಕಾರ ಕೆಟ್ಟರೆ ಕೆಲಸ ಕೆಟ್ಟಿತು.

ಈ ಮಡಿಕೆಯನ್ನು ಯಾರು ಹೇಳಿಕೊಡುತ್ತಾರೆ? ಅಮೆರಿಕದ ಕ್ರಿಶ್ಚಿಯನ್ ಆನ್‌ಫಿನ್ಸನ್ ಒಂದು ಚಿಕ್ಕ ಪ್ರೋಟೀನ್ ತೆಗೆದುಕೊಂಡು ರಾಸಾಯನಿಕ ಹಾಕಿ ಅದರ ಮಡಿಕೆಯನ್ನೆಲ್ಲ ಬಿಚ್ಚಿದರು. ರಾಸಾಯನಿಕ ತೆಗೆದಾಗ ಅದು ತಾನಾಗಿ ಹಳೆಯ ಆಕಾರಕ್ಕೆ ಮರಳಿತು, ಕೆಲಸವನ್ನೂ ಮಾಡಿತು. ಆಕಾರದ ಗುಟ್ಟು ಮಣಿಗಳ ಸಾಲಿನಲ್ಲೇ ಇದೆ ಎಂದು ಅವರು ತೋರಿಸಿದರು. 1972ರಲ್ಲಿ ಅವರಿಗೆ ನೊಬೆಲ್ ಬಂತು.

ಆದರೆ ಎಲ್ಲ ಪ್ರೋಟೀನೂ ಹೀಗೆ ಮರಳುವುದಿಲ್ಲ. ಮೊಟ್ಟೆ ಬೇಯಿಸಿ ನೋಡಿ. ನೀರಿನಂತಿದ್ದ ಬಿಳಿ ಭಾಗ ಗಟ್ಟಿಯಾಗುತ್ತದೆ. ತಣ್ಣಗಾದ ಮೇಲೆ ಮತ್ತೆ ನೀರಾಗುತ್ತದೆಯೇ? ಇಲ್ಲ. ಬಿಸಿಗೆ ಮಡಿಕೆ ಬಿಚ್ಚಿಕೊಂಡ ಪ್ರೋಟೀನುಗಳು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗಿರುತ್ತವೆ. ಬಿಸಿ ಇಲ್ಲದೆಯೇ ದೇಹದೊಳಗೆ ಇಂಥ ಅಂಟಿಕೆ ನಡೆದರೆ ಕಷ್ಟ. ಸಾಮಾನ್ಯವಾಗಿ ಜೀವಕೋಶದಲ್ಲಿ ಇದಕ್ಕೆ ಕಾವಲು ಇದೆ. ಮಡಚಲು ಸಹಾಯ ಮಾಡುವ ಪ್ರೋಟೀನುಗಳಿವೆ, ಕೆಟ್ಟದ್ದನ್ನು ಕತ್ತರಿಸಿ ಹಾಕುವ ವ್ಯವಸ್ಥೆ ಇದೆ. ವಯಸ್ಸಾದಂತೆ ಈ ಕಾವಲು ಸಡಿಲವಾಗುತ್ತದೆ.

ಬೇಲಿಗೆ ಮೈ ಉಜ್ಜುವ ಕುರಿಗಳು

ಯುರೋಪಿನ ಕುರಿ ಸಾಕುವವರಿಗೆ ಒಂದು ಕಾಯಿಲೆ 18ನೇ ಶತಮಾನದಿಂದಲೂ ಗೊತ್ತಿತ್ತು. ಚೆನ್ನಾಗಿದ್ದ ಕುರಿ ಇದ್ದಕ್ಕಿದ್ದಂತೆ ಬೇಲಿಗೆ, ಮರಕ್ಕೆ ಮೈ ಉಜ್ಜಲು ಶುರು ಮಾಡುತ್ತದೆ. ಉಣ್ಣೆ ಕಿತ್ತು ಬರುತ್ತದೆ, ಚರ್ಮ ಹಸಿಯಾಗುತ್ತದೆ. ನಡಿಗೆ ತಪ್ಪುತ್ತದೆ, ಬೀಳುತ್ತದೆ, ಸಾಯುತ್ತದೆ. ಇಂಗ್ಲಿಷರು ಇದಕ್ಕೆ ಸ್ಕ್ರೇಪಿ ಎಂದರು. ಉಜ್ಜುವ ರೋಗ ಎಂದೇ ಅರ್ಥ.

ವಂಶದಿಂದ ಬರುತ್ತದೋ, ಅಂಟಿಕೊಂಡು ಬರುತ್ತದೋ ಎಂಬ ಜಗಳ ಬಹಳ ಕಾಲ ನಡೆಯಿತು. 1936ರಲ್ಲಿ ಫ್ರಾನ್ಸಿನ ಇಬ್ಬರು ಪಶುವೈದ್ಯರು, ಕ್ವಿಯೆ ಮತ್ತು ಶೆಲ್, ಕಾಯಿಲೆಯ ಕುರಿಯ ನರದ ಅಂಗಾಂಶವನ್ನು ಆರೋಗ್ಯದ ಕುರಿಗಳಿಗೆ ಚುಚ್ಚಿದರು. ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಇನ್ನೊಬ್ಬರಾಗಿದ್ದರೆ ಬಿಟ್ಟುಬಿಡುತ್ತಿದ್ದರೇನೋ. ಇವರು ಕಾದರು. ಒಂದರಿಂದ ಎರಡು ವರ್ಷದ ಮೇಲೆ ಆ ಕುರಿಗಳೂ ಮೈ ಉಜ್ಜಲು ಶುರು ಮಾಡಿದವು. ಹಾಗಾದರೆ ಇದು ಅಂಟುವ ಕಾಯಿಲೆಯೇ, ಆದರೆ ಬಹಳ ನಿಧಾನದ್ದು.

ಹೆಚ್ಚು ಕಡಿಮೆ ಅದೇ ಕಾಲಕ್ಕೆ ಬ್ರಿಟನ್ನಿನಲ್ಲಿ ಒಂದು ಅವಘಡ ನಡೆಯಿತು. ಉಣ್ಣಿ ಹುಳುವಿನಿಂದ ಹರಡುವ ಬೇರೊಂದು ಕುರಿ ರೋಗಕ್ಕೆ ಲಸಿಕೆ ತಯಾರಿಸಿದ್ದರು. ಕುರಿಯ ಮಿದುಳು ಮುಂತಾದ ಭಾಗಗಳನ್ನು ಅರೆದು, ಫಾರ್ಮಲಿನ್ ಹಾಕಿ ವೈರಸ್ ಕೊಂದು ಮಾಡಿದ ಲಸಿಕೆ ಅದು. ಎರಡು ವರ್ಷ ಕಳೆದ ಮೇಲೆ ಲಸಿಕೆ ಹಾಕಿಸಿಕೊಂಡ ಹಿಂಡುಗಳಲ್ಲಿ ಸ್ಕ್ರೇಪಿ ಕಾಣಿಸಿತು. ಲಸಿಕೆಗೆ ಬಳಸಿದ ಕುರಿಗಳಲ್ಲಿ ಕೆಲವಕ್ಕೆ ಕಾಯಿಲೆ ಇತ್ತು, ಹೊರಗೆ ಕಾಣಿಸಿರಲಿಲ್ಲ ಅಷ್ಟೆ. ಇದರಿಂದ ಗೊತ್ತಾದದ್ದು ಒಂದು ವಿಚಿತ್ರ. ವೈರಸ್ಸನ್ನು ಕೊಲ್ಲುವ ಫಾರ್ಮಲಿನ್ ಸ್ಕ್ರೇಪಿಯನ್ನು ಕೊಲ್ಲಲಿಲ್ಲ. ಬೇಯಿಸಿದರೂ ಅದು ಸಾಯುತ್ತಿರಲಿಲ್ಲ. ಸಾಯದೆ ಇರುವುದು ಎಂಥ ಜೀವಿ?

ಫೋರೆ ಜನರ ನಡುಕ

ಇನ್ನು ಪಪುವಾ ನ್ಯೂಗಿನಿಗೆ ಹೋಗೋಣ. ಅದರ ಪೂರ್ವದ ಎತ್ತರದ ಗುಡ್ಡಗಳಲ್ಲಿ ಫೋರೆ ಎಂಬ ಜನ ಇದ್ದಾರೆ. ಬೇಸಾಯ, ಹಂದಿ ಸಾಕಣೆ ಅವರ ಬದುಕು. 1950ರ ದಶಕದಲ್ಲಿ ಅಲ್ಲಿ ಕುರು ಎಂಬ ಕಾಯಿಲೆ ಊರೂರನ್ನೇ ಖಾಲಿ ಮಾಡುತ್ತಿತ್ತು. ಅವರ ಭಾಷೆಯಲ್ಲಿ ಕುರು ಎಂದರೆ ನಡುಗು. ಮೊದಲು ಕಾಲು ತಡವರಿಸುತ್ತದೆ, ಆಮೇಲೆ ಮೈಯೆಲ್ಲ ನಡುಕ, ಮಾತು ತೊದಲು, ಕೊನೆಗೆ ನುಂಗಲೂ ಆಗುವುದಿಲ್ಲ. ಒಂದು ವರ್ಷದೊಳಗೆ ಸಾವು. ಜೋರಾಗಿದ್ದ ವರ್ಷಗಳಲ್ಲಿ ವರ್ಷಕ್ಕೆ ಸುಮಾರು 200 ಜನ ಸತ್ತರು. ಸತ್ತವರಲ್ಲಿ ಬಹುಪಾಲು ಹೆಂಗಸರು ಮತ್ತು ಮಕ್ಕಳು. ಕೆಲವು ಊರುಗಳಲ್ಲಿ ಗಂಡಸರೇ ಉಳಿದು, ತಾಯಿಯಿಲ್ಲದ ಮಕ್ಕಳನ್ನು ಸಾಕುವ ಸ್ಥಿತಿ ಬಂದಿತ್ತು. ಯಾರೋ ಮಾಟ ಮಾಡಿದ್ದಾರೆ ಎಂದು ಅಲ್ಲಿನ ಜನ ನಂಬಿದ್ದರು. ಅದರಿಂದ ಜಗಳ, ಕೊಲೆಗಳೂ ಆಗುತ್ತಿದ್ದವು.

1957ರಲ್ಲಿ ಅಲ್ಲಿನ ಸರ್ಕಾರಿ ವೈದ್ಯ ವಿನ್ಸೆಂಟ್ ಝಿಗಾಸ್ ಮತ್ತು ಅಮೆರಿಕದಿಂದ ಬಂದ ಕಾರ್ಲ್‌ಟನ್ ಗಜ್ಡುಸೆಕ್ ಈ ಕಾಯಿಲೆಯ ಬಗ್ಗೆ ಹೊರಜಗತ್ತಿಗೆ ಬರೆದರು. ಜ್ವರವಿಲ್ಲ, ಸೋಂಕಿನ ಗುರುತಿಲ್ಲ. ಆಹಾರದಲ್ಲಿ ವಿಷವಿದೆಯೇ ನೋಡಿದರು, ಇರಲಿಲ್ಲ. ಒಂದೇ ಮನೆತನಗಳಲ್ಲಿ ಬರುತ್ತಿದ್ದರಿಂದ ವಂಶದ ಕಾಯಿಲೆ ಎಂಬ ಊಹೆ ಬಲವಾಯಿತು. ಆದರೆ ವಂಶದ ಕಾಯಿಲೆ ಇಷ್ಟು ಜೋರಾಗಿ ಕೊಂದರೆ ಆ ವಂಶವೇ ಉಳಿಯುವುದಿಲ್ಲವಲ್ಲ?

ಗಂಟು ಬಿಡಿಸಲು ನೆರವಾದವರು ಇಬ್ಬರು ಮಾನವಶಾಸ್ತ್ರಜ್ಞರು, ಶರ್ಲಿ ಲಿಂಡನ್‌ಬಾಮ್ ಮತ್ತು ರಾಬರ್ಟ್ ಗ್ಲಾಸ್. 1960ರ ದಶಕದ ಆರಂಭದಲ್ಲಿ ಅವರು ಫೋರೆ ಊರುಗಳಲ್ಲಿ ಉಳಿದು ಹಿರಿಯರ ಜೊತೆ ಕೂತರು. ಯಾರು ಯಾರಿಗೆ ಏನಾಗಬೇಕು, ಯಾರು ಯಾವಾಗ ಸತ್ತರು, ಕುರು ನಿಮ್ಮ ಊರಿಗೆ ಮೊದಲು ಬಂದದ್ದು ಯಾವಾಗ ಎಂದು ಕೇಳುತ್ತಾ ಬರೆದುಕೊಂಡರು. ಪತ್ರಕರ್ತರು ಮಾಡುವ ಕೆಲಸವೇ. ಹಿರಿಯರ ನೆನಪಿನ ಪ್ರಕಾರ ಕುರು ಹಳೆಯದಲ್ಲ, 20ನೇ ಶತಮಾನದ ಮೊದಲ ಭಾಗದಲ್ಲಿ ಊರಿಂದ ಊರಿಗೆ ಬಂದದ್ದು. ಅದಕ್ಕೂ ಸ್ವಲ್ಪ ಮೊದಲು ಇನ್ನೊಂದು ಪದ್ಧತಿ ಅದೇ ದಾರಿಯಲ್ಲಿ ಬಂದಿತ್ತು. ಸತ್ತ ಬಂಧುಗಳ ದೇಹವನ್ನು ತಿನ್ನುವ ಪದ್ಧತಿ.

ಇಲ್ಲಿ ಸ್ವಲ್ಪ ನಿಧಾನಿಸಿ ಓದಬೇಕು. ಅದು ಕ್ರೌರ್ಯದಿಂದ ನಡೆಯುತ್ತಿದ್ದ ಕೆಲಸವಲ್ಲ. ಪ್ರೀತಿಯ ಬಂಧುವನ್ನು ಮಣ್ಣಿನಲ್ಲಿ ಹುಳುವಿಗೆ ಬಿಡುವ ಬದಲು ತಮ್ಮೊಳಗೆ ಸೇರಿಸಿಕೊಳ್ಳಬೇಕು ಎಂಬುದು ಅವರ ಶೋಕದ ರೀತಿ. ನಾವು ಸುಡುತ್ತೇವೆ, ಹೂಳುತ್ತೇವೆ, ಅವರು ಹಾಗೆ ಮಾಡುತ್ತಿದ್ದರು. ಈ ಕ್ರಿಯೆ ಮಾಡುವವರು ಹೆಚ್ಚಾಗಿ ಹೆಂಗಸರು, ಅಮ್ಮಂದಿರ ಜೊತೆ ಮಕ್ಕಳು. ಮಿದುಳು ಅವರ ಪಾಲಿಗೇ ಬರುತ್ತಿತ್ತು. ಗಂಡಸರು ಇದರಲ್ಲಿ ಅಷ್ಟಾಗಿ ಸೇರುತ್ತಿರಲಿಲ್ಲ. ಹೆಂಗಸರು, ಮಕ್ಕಳೇ ಏಕೆ ಸಾಯುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು.

1959ರಲ್ಲಿ ಇನ್ನೊಂದು ಎಳೆ ಸೇರಿತ್ತು. ವಿಲಿಯಂ ಹ್ಯಾಡ್ಲೋ ಎಂಬ ಅಮೆರಿಕದ ಪಶುವೈದ್ಯ ಆಗ ಇಂಗ್ಲೆಂಡಿನಲ್ಲಿ ಸ್ಕ್ರೇಪಿ ಅಧ್ಯಯನ ಮಾಡುತ್ತಿದ್ದರು. ಲಂಡನ್ನಿನ ಒಂದು ಪ್ರದರ್ಶನದಲ್ಲಿ ಕುರುವಿನಿಂದ ಸತ್ತವರ ಮಿದುಳಿನ ಚಿತ್ರ ನೋಡಿದರು. ಸ್ಪಂಜಿನಂತೆ ತೂತು ತೂತು. ತಾನು ದಿನಾ ಕುರಿಯ ಮಿದುಳಿನಲ್ಲಿ ನೋಡುವುದೂ ಇದನ್ನೇ! ಕೂಡಲೇ ಲ್ಯಾನ್ಸೆಟ್ ಪತ್ರಿಕೆಗೆ ಪತ್ರ ಬರೆದರು. ಸ್ಕ್ರೇಪಿಯಂತೆ ಇದನ್ನೂ ಪ್ರಾಣಿಗೆ ಚುಚ್ಚಿ, ವರ್ಷಗಟ್ಟಲೆ ಕಾದು ನೋಡಬಾರದೇಕೆ ಎಂದು ಕೇಳಿದರು. ಮನುಷ್ಯರ ಡಾಕ್ಟರುಗಳಿಗೆ ಹೊಳೆಯದ್ದು ದನದ ಡಾಕ್ಟರಿಗೆ ಹೊಳೆಯಿತು.

ಗಜ್ಡುಸೆಕ್ ತಂಡ 1963ರಲ್ಲಿ ಕುರು ರೋಗಿಗಳ ಮಿದುಳಿನ ಅಂಶವನ್ನು ಚಿಂಪಾಂಜಿಗಳಿಗೆ ಚುಚ್ಚಿತು. ಸುಮಾರು ಎರಡು ವರ್ಷಕ್ಕೆ ಅವು ತಡವರಿಸತೊಡಗಿದವು. 1966ರಲ್ಲಿ ಫಲಿತಾಂಶ ಪ್ರಕಟವಾಯಿತು. ಕುರು ಅಂಟುತ್ತದೆ ಎಂಬುದು ಖಚಿತವಾಯಿತು. 1976ರಲ್ಲಿ ಗಜ್ಡುಸೆಕ್‌ಗೆ ನೊಬೆಲ್ ಬಂತು. ಅಷ್ಟರಲ್ಲಿ ಫೋರೆ ಜನ ಆ ಪದ್ಧತಿಯನ್ನು ಬಿಟ್ಟಾಗಿತ್ತು. ಅದು ನಿಂತ ಮೇಲೆ ಹುಟ್ಟಿದ ಮಕ್ಕಳಿಗೆ ಕುರು ಬರಲಿಲ್ಲ. ಆದರೆ ಚಿಕ್ಕಂದಿನಲ್ಲಿ ತಿಂದಿದ್ದ ಕೆಲವರಿಗೆ 40, 50 ವರ್ಷ ಕಳೆದ ಮೇಲೂ ಬಂತು. ಕಾಯಿಲೆ ಅಷ್ಟು ವರ್ಷ ಸದ್ದಿಲ್ಲದೆ ಒಳಗೆ ಕೂತಿತ್ತು.

ಜೀವವಿಲ್ಲದ ಸೋಂಕು

ಅಂಟುತ್ತದೆ ಎಂದಮೇಲೆ ಅಂಟಿಸುವುದು ಏನು? ಎಲ್ಲರೂ ನಿಧಾನದ ವೈರಸ್ ಎಂದರು, ಹುಡುಕಿದರು, ಯಾರಿಗೂ ಸಿಗಲಿಲ್ಲ.

ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಟಿಕ್ವಾ ಆಲ್ಪರ್ ಎಂಬ ವಿಜ್ಞಾನಿ ಇದ್ದರು. ಅವರು ಸ್ಕ್ರೇಪಿಯ ಅಂಶಕ್ಕೆ ಜೋರಾದ ವಿಕಿರಣ ಹಾಯಿಸಿದರು. ಬ್ಯಾಕ್ಟೀರಿಯಾ, ವೈರಸ್ ಎಲ್ಲಕ್ಕೂ ಒಳಗೆ ಡಿಎನ್‌ಎ ಅಥವಾ ಆರ್‌ಎನ್‌ಎ ಇರುತ್ತದೆ, ವಿಕಿರಣ ಅದನ್ನು ಹಾಳುಗೆಡವುತ್ತದೆ. ಸ್ಕ್ರೇಪಿ ಜಗ್ಗಲಿಲ್ಲ. ಹಾಗಾದರೆ ಇದರಲ್ಲಿ ಡಿಎನ್‌ಎ ಇಲ್ಲವೇ? 1967ರಲ್ಲಿ ಗಣಿತಜ್ಞ ಜೆ. ಎಸ್. ಗ್ರಿಫಿತ್, ಬರೀ ಪ್ರೋಟೀನ್ ಒಂದೇ ತನ್ನ ಆಕಾರವನ್ನು ಇನ್ನೊಂದಕ್ಕೆ ದಾಟಿಸಿ ಹೀಗೆ ಮಾಡಬಹುದು ಎಂದು ಬರೆದರು. ಆಗ ಹೆಚ್ಚಿನವರು ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

1972ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತರಬೇತಿಯಲ್ಲಿದ್ದ ಸ್ಟ್ಯಾನ್ಲಿ ಪ್ರೂಸಿನರ್ ಎಂಬ ಯುವ ವೈದ್ಯರ ಬಳಿ ಒಬ್ಬ ರೋಗಿ ಬಂದರು. ಕ್ರಾಯ್ಟ್ಸ್‌ಫೆಲ್ಟ್-ಯಾಕೊಬ್ ರೋಗ, ಚಿಕ್ಕದಾಗಿ ಸಿಜೆಡಿ. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬಿಬ್ಬರಿಗೆ ಬರುವ, ಕುರುವಿನಂಥದೇ ಕಾಯಿಲೆ. ರೋಗಿ ಬೇಗ ತೀರಿಕೊಂಡರು. ಪ್ರೂಸಿನರ್ ಕಾರಣ ಹುಡುಕಲು ಹೊರಟರು. ಕಾಯಿಲೆಯ ಮಿದುಳನ್ನು ಅರೆದು, ಸೋಸಿ, ಬೇರ್ಪಡಿಸಿ, ಪ್ರತಿ ಭಾಗವನ್ನೂ ಪ್ರಾಣಿಗೆ ಚುಚ್ಚಿ ಯಾವುದರಲ್ಲಿ ಸೋಂಕು ಇದೆ ಎಂದು ನೋಡುವ ಕೆಲಸ. ಇಲಿಗಳಲ್ಲಿ ಒಂದೊಂದು ಪ್ರಯೋಗಕ್ಕೂ ತುಂಬಾ ತಿಂಗಳು ಬೇಕಿತ್ತು. ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಗೆ ಬದಲಿಸಿದಾಗ ಕೆಲಸ ಬೇಗವಾಯಿತು. ನಡುವೆ ಹಣ ಕೊಡುತ್ತಿದ್ದ ಸಂಸ್ಥೆ ಕೈಬಿಟ್ಟಿತು, ಅವರ ನೌಕರಿಯೂ ಅಲುಗಾಡಿತು.

ಸೋಸುತ್ತಾ ಹೋದಂತೆ ಕೊನೆಗೆ ಉಳಿದದ್ದು ಒಂದೇ, ಪ್ರೋಟೀನ್. 1982ರಲ್ಲಿ ಅವರು ಅದಕ್ಕೆ ಪ್ರಿಯಾನ್ ಎಂದು ಹೆಸರಿಟ್ಟರು. ವಿಜ್ಞಾನಿಗಳಲ್ಲಿ ಹಲವರು ಸಿಟ್ಟಾದರು, ಕೆಲವರು ನಕ್ಕರು. ಜೀವವಿಲ್ಲದ ವಸ್ತು ಹೇಗೆ ಸಂತಾನ ಬೆಳೆಸುತ್ತದೆ?

ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ಹತ್ತಿರದ ಹೋಲಿಕೆ ಇದೆ. ಒಂದು ಚಮಚ ಮಜ್ಜಿಗೆ ಹೆಪ್ಪು ಹಾಕಿದರೆ ಒಂದು ಪಾತ್ರೆ ಹಾಲು ಬೆಳಗಾಗುವುದರಲ್ಲಿ ಮೊಸರು. ಆ ಮೊಸರಿನ ಒಂದು ಚಮಚ ಮತ್ತೊಂದು ಪಾತ್ರೆಗೆ ಹೆಪ್ಪು. ಪ್ರಿಯಾನ್ ಕೂಡ ಹೆಪ್ಪಿನಂತೆ. ತಪ್ಪಾಗಿ ಮಡಚಿದ ಒಂದು ಪ್ರೋಟೀನ್, ಪಕ್ಕದಲ್ಲಿರುವ ಸರಿಯಾದ ಪ್ರೋಟೀನಿಗೆ ತಾಗಿ ಅದನ್ನೂ ತನ್ನಂತೆ ಮಡಚಿಬಿಡುತ್ತದೆ. ವ್ಯತ್ಯಾಸ ಇಷ್ಟೇ. ಹೆಪ್ಪಿನಲ್ಲಿ ಜೀವಾಣುಗಳಿವೆ, ಅವು ಮರಿ ಹಾಕಿ ಹೆಚ್ಚುತ್ತವೆ. ಪ್ರಿಯಾನಿನಲ್ಲಿ ಅಂಥ ಯಾವ ಜೀವವೂ ಇಲ್ಲ, ಆಕಾರ ಮಾತ್ರ ಹರಡುತ್ತದೆ. ಕುದಿಸಿದರೆ ಹೆಪ್ಪು ಸಾಯುತ್ತದೆ. ಸಾಯಲು ಜೀವವೇ ಇಲ್ಲದ್ದನ್ನು ಕುದಿಸಿ ಏನು ಮಾಡುವುದು? ಕುರಿಯ ಲಸಿಕೆಯಲ್ಲಿ ಫಾರ್ಮಲಿನ್ ಸೋತದ್ದು ಈ ಕಾರಣಕ್ಕೆ.

1985ರಲ್ಲಿ ಇನ್ನೊಂದು ಅಚ್ಚರಿ ಬಂತು. ಈ ಪ್ರೋಟೀನಿನ ಜೀನ್ ಹೊರಗಿನದಲ್ಲ, ಆರೋಗ್ಯವಾಗಿರುವ ಪ್ರಾಣಿಗಳಲ್ಲೂ ಇದೆ, ನಮ್ಮಲ್ಲೂ ಇದೆ. ದೊಡ್ಡ ಪುರಾವೆ ಬಂದದ್ದು 1993ರಲ್ಲಿ, ಸ್ವಿಟ್ಜರ್‌ಲೆಂಡಿನ ಚಾರ್ಲ್ಸ್ ವೈಸ್‌ಮನ್ ಅವರ ತಂಡದಿಂದ. ಅವರು ಆ ಜೀನನ್ನೇ ತೆಗೆದ ಇಲಿಗಳನ್ನು ಬೆಳೆಸಿ ಸ್ಕ್ರೇಪಿ ಚುಚ್ಚಿದರು. ಇಲಿಗಳಿಗೆ ಕಾಯಿಲೆ ಬರಲಿಲ್ಲ. ಪಾತ್ರೆಯಲ್ಲಿ ಹಾಲೇ ಇಲ್ಲದಿದ್ದರೆ ಹೆಪ್ಪು ಹಾಕಿ ಏನು ಪ್ರಯೋಜನ? 1997ರಲ್ಲಿ ಪ್ರೂಸಿನರ್‌ಗೆ ನೊಬೆಲ್ ಬಂತು.

133ನೇ ನಂಬರಿನ ಹಸು

ಈ ವಾದ ಪ್ರಯೋಗಾಲಯದಲ್ಲಿ ನಡೆಯುತ್ತಿರುವಾಗಲೇ ಅದು ಕೊಟ್ಟಿಗೆಗೆ ಬಂದುಬಿಟ್ಟಿತು. 1984ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತ್ಯದ ಒಂದು ಫಾರಂನಲ್ಲಿ 133ನೇ ನಂಬರಿನ ಹಸು ಬೆನ್ನು ಬಾಗಿಸಿ ನಿಂತಿತು, ಮೈ ಇಳಿಯಿತು. ಆಮೇಲೆ ತಲೆ ನಡುಕ, ನಡಿಗೆ ತಪ್ಪುವುದು. 1985ರ ಫೆಬ್ರವರಿಯಲ್ಲಿ ಸತ್ತಿತು. ಅದೇ ಫಾರಂನಲ್ಲಿ ಇನ್ನಷ್ಟು ಹಸುಗಳು ಹಾಗೇ ಆದವು. 1986ರ ನವೆಂಬರ್‌ನಲ್ಲಿ ಸರ್ಕಾರದ ಪಶು ಪ್ರಯೋಗಾಲಯ ಇದನ್ನು ಹೊಸ ಕಾಯಿಲೆ ಎಂದು ಗುರುತಿಸಿತು. ವೈದ್ಯರ ಹೆಸರು ಬಿಎಸ್‌ಇ, ಪತ್ರಿಕೆಗಳ ಹೆಸರು ಹುಚ್ಚು ಹಸು ರೋಗ.

ಸರ್ಕಾರದ ಜಾನ್ ವೈಲ್‌ಸ್ಮಿತ್ ಎಂಬ ಪಶುವೈದ್ಯರ ತಂಡ ಫಾರಂನಿಂದ ಫಾರಂಗೆ ಹೋಗಿ ವಿಚಾರಿಸಿತು. ಲಸಿಕೆ, ಔಷಧ, ತಳಿ, ಕುರಿಗಳ ಜೊತೆ ಒಡನಾಟ, ಎಲ್ಲವನ್ನೂ ಕೇಳಿದರು. ಎಲ್ಲ ಕಡೆಗೂ ಹೊಂದುತ್ತಿದ್ದದ್ದು ಒಂದೇ, ಮಾಂಸ-ಮೂಳೆ ಪುಡಿ ಬೆರೆಸಿದ ಪಶು ಆಹಾರ. 1988ರ ಜುಲೈನಲ್ಲಿ ಅದನ್ನು ದನ, ಕುರಿಗಳಿಗೆ ಹಾಕಬಾರದು ಎಂದು ಕಾನೂನು ಬಂತು.

ಕಾನೂನು ಬಂದ ಮಾತ್ರಕ್ಕೆ ಕಾಯಿಲೆ ನಿಲ್ಲಲಿಲ್ಲ. ಹಂದಿ, ಕೋಳಿಗಳಿಗೆ ಆ ಪುಡಿ ಹಾಕಲು ಅವಕಾಶವಿತ್ತು. ಒಂದೇ ಗಿರಣಿಯಲ್ಲಿ ಕೋಳಿ ಆಹಾರವೂ ದನದ ಆಹಾರವೂ ತಯಾರಾಗುತ್ತಿತ್ತು. ಯಂತ್ರದಲ್ಲಿ ಉಳಿದ ಚೂರುಪಾರು ದನದ ಚೀಲಕ್ಕೆ ಬೀಳುತ್ತಿತ್ತು. ಸೋಂಕು ಇರುವ ಮಿದುಳಿನ ಒಂದು ಗ್ರಾಂಗಿಂತ ಕಡಿಮೆ ಅಂಶವೂ ಹಸುವಿಗೆ ಕಾಯಿಲೆ ತರಲು ಸಾಕು. ಹೀಗಾಗಿ ನಿಷೇಧದ ನಂತರ ಹುಟ್ಟಿದ ಸಾವಿರಾರು ದನಗಳಿಗೂ ಬಿಎಸ್‌ಇ ಬಂತು. ಇನ್ನೊಂದು ಎಡವಟ್ಟು ಪರಿಹಾರದ್ದು. ಮೊದಲು ಕಾಯಿಲೆಯ ಹಸುವಿಗೆ ಅರ್ಧ ಬೆಲೆ ಮಾತ್ರ ಕೊಡುತ್ತಿದ್ದರು. ಪೂರ್ತಿ ಬೆಲೆ ಸಿಕ್ಕಿದ್ದು 1990ರಿಂದ. ಅರ್ಧ ಬೆಲೆಗೆ ಯಾವ ರೈತ ಓಡಿ ಬಂದು ನನ್ನ ಹಸುವಿಗೆ ಕಾಯಿಲೆ ಎನ್ನುತ್ತಾನೆ? 1992ರಲ್ಲಿ ಒಂದೇ ವರ್ಷ 36,000ಕ್ಕೂ ಹೆಚ್ಚು ಪ್ರಕರಣಗಳು ಬಂದವು.

ಈ ಅವಧಿಯಲ್ಲಿ ಸರ್ಕಾರ ಜನರಿಗೆ ಹೇಳುತ್ತಿದ್ದದ್ದು ಒಂದೇ ಮಾತು, ದನದ ಮಾಂಸ ಸುರಕ್ಷಿತ. 1990ರ ಮೇ ತಿಂಗಳಲ್ಲಿ ಕೃಷಿ ಸಚಿವ ಜಾನ್ ಗಮ್ಮರ್ ಟಿವಿ ಕ್ಯಾಮೆರಾಗಳ ಮುಂದೆ ತಮ್ಮ ನಾಲ್ಕು ವರ್ಷದ ಮಗಳಿಗೆ ಬರ್ಗರ್ ತಿನ್ನಲು ಕೊಟ್ಟರು. 1995ರಲ್ಲಿ 19 ವರ್ಷದ ಯುವಕನೊಬ್ಬ ಸಿಜೆಡಿಯಂಥ ಕಾಯಿಲೆಯಿಂದ ಸತ್ತ. ಸಾಮಾನ್ಯ ಸಿಜೆಡಿ ಅರವತ್ತರ ಆಸುಪಾಸಿನವರಿಗೆ ಬರುವುದು. ಹತ್ತೊಂಬತ್ತಕ್ಕೆ ಬಂದದ್ದು ಹೇಗೆ? ಇನ್ನಷ್ಟು ಎಳೆಯರು ಹಾಗೇ ಸತ್ತರು. 1996ರ ಮಾರ್ಚ್ 20ರಂದು ಆರೋಗ್ಯ ಸಚಿವ ಸ್ಟೀಫನ್ ಡೊರೆಲ್ ಸಂಸತ್ತಿನಲ್ಲಿ ಎದ್ದು ನಿಂತು, ಈ ಸಾವುಗಳಿಗೆ ಬಿಎಸ್‌ಇ ಸೋಂಕೇ ಕಾರಣವಿರುವ ಸಾಧ್ಯತೆ ಹೆಚ್ಚು ಎಂದು ಹೇಳಬೇಕಾಯಿತು. ಮಾರುಕಟ್ಟೆ ಒಂದೇ ದಿನಕ್ಕೆ ಕುಸಿಯಿತು. ಯುರೋಪ್ ಬ್ರಿಟನ್ನಿನ ಮಾಂಸಕ್ಕೆ ಬಾಗಿಲು ಹಾಕಿತು. ಅದೇ ವರ್ಷ ಎಲ್ಲ ಸಾಕುಪ್ರಾಣಿಗಳ ಆಹಾರದಲ್ಲೂ ಮಾಂಸ-ಮೂಳೆ ಪುಡಿ ಪೂರ್ತಿ ನಿಂತಿತು.

2000ದಲ್ಲಿ ಬಂದ ವಿಚಾರಣಾ ವರದಿ, ಜನ ಗಾಬರಿಯಾಗುತ್ತಾರೆ ಎಂದು ಅಪಾಯವನ್ನು ಕಡಿಮೆ ಮಾಡಿ ಹೇಳಿದ್ದರಿಂದ ಜನರ ನಂಬಿಕೆ ಹೋಯಿತು ಎಂದಿತು. ಈ ಪುಡಿ ಚೀಲದಲ್ಲಿದೆ ಎಂದು ಎಷ್ಟೋ ರೈತರಿಗೆ ಗೊತ್ತೇ ಇರಲಿಲ್ಲ. ಅವರು ಕೊಂಡದ್ದು ಪ್ರೋಟೀನ್ ಹೆಚ್ಚಿರುವ ಆಹಾರ, ಅಷ್ಟೆ.

ಅರಳು ಮರಳಿಗೂ ಇದಕ್ಕೂ ಏನು ಸಂಬಂಧ

ಪ್ರಿಯಾನ್ ಕಾಯಿಲೆಗಳು ಅಪರೂಪ. ಆದರೆ ತಪ್ಪಾಗಿ ಮಡಚಿದ ಪ್ರೋಟೀನುಗಳು ಗುಂಪುಗೂಡಿ ಕೆಡುಕು ಮಾಡುವ ಬೇರೆ ಕಾಯಿಲೆಗಳು ನಮ್ಮ ಪ್ರತಿ ಊರಿನಲ್ಲೂ ಇವೆ.

ಅರವತ್ತಕ್ಕೆ ಅರಳು ಮರಳು ಎನ್ನುತ್ತೇವೆ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಆಸ್ಪತ್ರೆಗೆ ಆಗುಸ್ಟೆ ಎಂಬ ಹೆಂಗಸನ್ನು ಕರೆತಂದಾಗ ಆಕೆಗೆ 51 ವರ್ಷ. ಗಂಡನ ಹೆಸರು, ಹೊತ್ತು, ಯಾವುದೂ ನೆನಪಿಲ್ಲ. ಆಕೆ ತೀರಿಕೊಂಡ ಮೇಲೆ 1906ರಲ್ಲಿ ಡಾಕ್ಟರ್ ಅಲೋಯ್ಸ್ ಆಲ್ಜೈಮರ್ ಮಿದುಳನ್ನು ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಜೀವಕೋಶಗಳ ಹೊರಗೆ ಕೊಳೆಯಂಥ ಚಪ್ಪಟೆ ಮುದ್ದೆಗಳು, ಒಳಗೆ ಗೋಜಲಾದ ನಾರುಗಳು. ಹೊರಗಿನದು ಬೀಟಾ-ಅಮಿಲಾಯ್ಡ್ ಎಂಬ ಪ್ರೋಟೀನ್ ಎಂದು 1984ರಲ್ಲಿ ಗೊತ್ತಾಯಿತು. ಒಳಗಿನ ನಾರು ಟಾವ್ ಎಂಬ ಇನ್ನೊಂದು ಪ್ರೋಟೀನ್. ಕೈ ನಡುಗುವ ಪಾರ್ಕಿನ್ಸನ್ ಕಾಯಿಲೆಯಲ್ಲಿ ಗಂಟು ಕಟ್ಟುವುದು ಆಲ್ಫಾ-ಸಿನ್ಯೂಕ್ಲಿಯಿನ್, ಇದು ಗೊತ್ತಾದದ್ದು 1997ರಲ್ಲಿ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಮಿದುಳಿನ ಒಳಗೆ ಈ ಪ್ರೋಟೀನುಗಳೂ ಒಂದರಿಂದ ಒಂದಕ್ಕೆ ಹರಡುವಂತೆ ಕಾಣುತ್ತವೆ ನಿಜ. ಆದರೆ ಆಲ್ಜೈಮರ್, ಪಾರ್ಕಿನ್ಸನ್ ಇರುವವರ ಜೊತೆ ಉಂಡರೆ, ಮಲಗಿದರೆ, ಅವರ ಮೈ ತೊಳೆದರೆ ಕಾಯಿಲೆ ಅಂಟುವುದಿಲ್ಲ. ಮನೆಯ ಹಿರಿಯರನ್ನು ದೂರ ಇಡಲು ಇದು ಕಾರಣವಾಗಬಾರದು.

ಕಣ್ಣಿಗೆ ಕಾಣದ್ದನ್ನು ನೋಡುವುದು ಹೇಗೆ

ಇಷ್ಟು ಸಣ್ಣದನ್ನು ವಿಜ್ಞಾನಿಗಳು ಹೇಗೆ ನೋಡಿದರು? ಮೊದಲು ಬಣ್ಣ. 1854ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಚೋ ಈ ಮುದ್ದೆಗಳಿಗೆ ಅಯೋಡಿನ್ ಹಾಕಿದಾಗ ಅವು ಗಂಜಿಯ ಪಿಷ್ಟದಂತೆ ಬಣ್ಣ ತಿರುಗಿದವು. ಅದಕ್ಕೇ ಅಮಿಲಾಯ್ಡ್, ಪಿಷ್ಟದಂಥದ್ದು, ಎಂದು ಹೆಸರಿಟ್ಟರು. ಅದು ಪ್ರೋಟೀನ್ ಎಂದು ಆಮೇಲೆ ತಿಳಿಯಿತು, ಹೆಸರು ಮಾತ್ರ ಹಾಗೇ ಉಳಿಯಿತು. ಮುಂದೆ ಕಾಂಗೋ ರೆಡ್ ಬಂತು. ಅದು ಹತ್ತಿ ಬಟ್ಟೆಗೆ ಹಾಕುತ್ತಿದ್ದ ಬಣ್ಣ. ಅಮಿಲಾಯ್ಡ್‌ಗೆ ಅದನ್ನು ಹಾಕಿ ವಿಶೇಷ ಬೆಳಕಿನಲ್ಲಿ ನೋಡಿದರೆ ಹಸಿರಾಗಿ ಹೊಳೆಯುತ್ತದೆ. ಆಸ್ಪತ್ರೆಗಳಲ್ಲಿ ಇಂದಿಗೂ ಈ ಪರೀಕ್ಷೆ ನಡೆಯುತ್ತದೆ.

1959ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮುದ್ದೆ ಬರೀ ಮುದ್ದೆಯಲ್ಲ, ಸಣ್ಣ ನೂಲುಗಳ ಕಟ್ಟು ಎಂದು ಕಂಡಿತು. 1960ರ ದಶಕದಲ್ಲಿ ಎಕ್ಸ್-ರೇ ಹಾಯಿಸಿದಾಗ ನೂಲಿನ ಒಳಗೆ ಪ್ರೋಟೀನುಗಳು ಏಣಿಯ ಮೆಟ್ಟಿಲಿನಂತೆ ಒಂದರ ಮೇಲೊಂದು ಜೋಡಿಸಿಕೊಂಡಿರುವುದು ತಿಳಿಯಿತು. ಮಣಿಸಾಲು ಬೇರೆ ಬೇರೆಯಾದ ಪ್ರೋಟೀನುಗಳು ಕೂಡ ಕೆಟ್ಟ ಮೇಲೆ ಹೆಚ್ಚು ಕಡಿಮೆ ಇದೇ ಜೋಡಣೆಗೆ ಬರುತ್ತವೆ. ಈಗ ಮಾದರಿಯನ್ನು ಅತಿ ಶೀತದಲ್ಲಿ ಹೆಪ್ಪುಗಟ್ಟಿಸಿ ನೋಡುವ ಯಂತ್ರಗಳಿವೆ. 2017ರಲ್ಲಿ ಕೇಂಬ್ರಿಜ್‌ನ ವಿಜ್ಞಾನಿಗಳು ಆಲ್ಜೈಮರ್ ರೋಗಿಯ ಮಿದುಳಿನಿಂದ ತೆಗೆದ ಟಾವ್ ನೂಲಿನ ರಚನೆಯನ್ನು ಅಣು ಅಣುವಾಗಿ ತೋರಿಸಿದರು.

ಕಾಯಿಲೆ ಪತ್ತೆಗೆ ಹೆಪ್ಪಿನ ಗುಣವನ್ನೇ ಬಳಸುವ ಉಪಾಯವೂ ಬಂದಿದೆ. ರೋಗಿಯ ಬೆನ್ನುಹುರಿಯ ನೀರಿನ ಹನಿಯನ್ನು ಆರೋಗ್ಯದ ಪ್ರೋಟೀನ್ ದ್ರಾವಣಕ್ಕೆ ಹಾಕಿ ಕುಲುಕುತ್ತಾರೆ. ಹನಿಯಲ್ಲಿ ಪ್ರಿಯಾನ್ ಇದ್ದರೆ ದ್ರಾವಣ ಕೆಡುತ್ತದೆ, ಅದರಲ್ಲಿ ಹಾಕಿದ ಬಣ್ಣ ಹೊಳೆಯುತ್ತದೆ. ಸಿಜೆಡಿಯನ್ನು ರೋಗಿ ಬದುಕಿರುವಾಗಲೇ ಗುರುತಿಸಲು ಇದು ದೊಡ್ಡ ಸಹಾಯ. ಗುಣಪಡಿಸುವ ಮದ್ದು ಮಾತ್ರ ಇನ್ನೂ ಇಲ್ಲ.

ಬೆಂಗಳೂರಿನ ನಂಟು

ಈ ವಿಜ್ಞಾನದ ಬುನಾದಿಯಲ್ಲಿ ನಮ್ಮವರ ಕಲ್ಲೂ ಇದೆ. ಜಿ. ಎನ್. ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಕೈಕೆಳಗೆ ಕಲಿತವರು. 1963ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಲ್ಲಿದ್ದಾಗ ರಾಮಕೃಷ್ಣನ್, ಶಶಿಶೇಖರನ್ ಅವರ ಜೊತೆ ಸೇರಿ ಒಂದು ನಕ್ಷೆ ಮಾಡಿದರು. ಪ್ರೋಟೀನಿನ ಸರ ಯಾವ ಯಾವ ಕೋನದಲ್ಲಿ ಬಾಗಬಹುದು, ಎಲ್ಲಿ ಬಾಗಲು ಸಾಧ್ಯವೇ ಇಲ್ಲ ಎಂಬ ನಕ್ಷೆ. ಕಂಪ್ಯೂಟರ್ ಕೈಗೆ ಸಿಗದ ಕಾಲದಲ್ಲಿ ಲೆಕ್ಕ ಹಾಕಿ ಮಾಡಿದ್ದು. ಇಂದಿಗೂ ಜಗತ್ತಿನ ಯಾವ ಮೂಲೆಯಲ್ಲಿ ಪ್ರೋಟೀನಿನ ಆಕಾರ ಕಂಡುಹಿಡಿದರೂ ಸರಿಯೇ ಎಂದು ನೋಡುವುದು ರಾಮಚಂದ್ರನ್ ನಕ್ಷೆಗೆ ಹೋಲಿಸಿ. ಮುಂದೆ ಅವರು ಬೆಂಗಳೂರಿಗೆ ಮರಳಿ ಅದೇ ಸಂಸ್ಥೆಯಲ್ಲಿ ಅಣು ಜೀವಭೌತ ವಿಭಾಗ ಕಟ್ಟಿದರು. ಅವರ ಕೊನೆಯ ವರ್ಷಗಳಲ್ಲಿ ಬಾಧಿಸಿದ್ದು ಪಾರ್ಕಿನ್ಸನ್ ಕಾಯಿಲೆ. 2001ರಲ್ಲಿ ತೀರಿಕೊಂಡರು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳು ಬ್ಯಾಂಕ್ ಇದೆ. ಸತ್ತವರ ಮಿದುಳನ್ನು ಮನೆಯವರು ಒಪ್ಪಿ ಕೊಟ್ಟರೆ ಸಂಶೋಧನೆಗೆ ಕಾಪಿಡುತ್ತಾರೆ. ಆಗುಸ್ಟೆಯ ಮಿದುಳು ಇಲ್ಲದಿದ್ದರೆ ಆಲ್ಜೈಮರ್ ಕಾಯಿಲೆ ಅಂದು ಗೊತ್ತಾಗುತ್ತಿರಲಿಲ್ಲ. ಫೋರೆ ಮನೆಗಳವರು ತಮ್ಮ ಸತ್ತವರ ಮಿದುಳನ್ನು ಕೊಡದಿದ್ದರೆ ಕುರು ಗೊತ್ತಾಗುತ್ತಿರಲಿಲ್ಲ.

ನಮ್ಮ ಕೊಟ್ಟಿಗೆಗೆ ಇದರಿಂದ ಏನು

ಭಾರತದಲ್ಲಿ ಬಿಎಸ್‌ಇ ವರದಿಯಾಗಿಲ್ಲ. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ನಮ್ಮ ದೇಶವನ್ನು ಬಿಎಸ್‌ಇ ಅಪಾಯ ತೀರಾ ಕಡಿಮೆ ಇರುವ ದೇಶಗಳ ಪಟ್ಟಿಯಲ್ಲಿ ಇಟ್ಟಿದೆ. ಹಾಲಿನಿಂದ ಈ ಕಾಯಿಲೆ ಬಂದ ಪುರಾವೆ ಎಲ್ಲೂ ಇಲ್ಲ. ಆದ್ದರಿಂದ ಇದನ್ನು ಓದಿ ಯಾರೂ ಹೆದರಬೇಕಿಲ್ಲ, ವಾಟ್ಸಾಪ್‌ನಲ್ಲಿ ಹೆದರಿಸುವುದೂ ಬೇಡ.

ಆದರೆ ಬ್ರಿಟನ್ನಿನ ರೈತರಿಗೆ ಆದದ್ದು ನಮಗೂ ಪಾಠ. ಮಾಂಸ, ಮೂಳೆ, ರಕ್ತದ ಪುಡಿ ಬೆರೆಸಿದ ಆಹಾರವನ್ನು ಹಾಲಿನ ದನಗಳಿಗೆ ಹಾಕಬಾರದು ಎಂದು ಎಫ್‌ಎಸ್‌ಎಸ್‌ಎಐ ನಿಯಮ ನಮ್ಮಲ್ಲೂ ಇದೆ. ಹಿಂಡಿ, ಬೂಸಾ, ಪಶು ಆಹಾರದ ಚೀಲ ಕೊಳ್ಳುವಾಗ ಬೆಲೆ ಕೇಳುತ್ತೇವೆ, ತೂಕ ನೋಡುತ್ತೇವೆ. ಒಳಗೆ ಏನೇನು ಬೆರೆಸಿದ್ದಾರೆ ಎಂದು ಚೀಲದ ಮೇಲೆ ಬರೆದಿದೆಯೇ, ಐಎಸ್‌ಐ ಗುರುತು ಇದೆಯೇ ಎಂದೂ ನೋಡಿ. ಬರೆದಿಲ್ಲದಿದ್ದರೆ ಅಂಗಡಿಯವರನ್ನು ಕೇಳಿ. ಕೋಳಿ ಫಾರಂನ ಆಹಾರ ಮಿಕ್ಕಿದೆ, ಅಗ್ಗಕ್ಕೆ ಸಿಗುತ್ತದೆ ಎಂದು ಹಸುವಿಗೆ ಹಾಕಬೇಡಿ. ಹಸು ಅಥವಾ ಕುರಿ ಕಾರಣವಿಲ್ಲದೆ ನಡುಗಿದರೆ, ನಡಿಗೆ ತಪ್ಪಿದರೆ, ಬೆದರಿದರೆ ಪಶು ಆಸ್ಪತ್ರೆಗೆ ತಿಳಿಸಿ. ಹೆಚ್ಚಿನ ಸಲ ಅದು ಬೇರೆ ಕಾಯಿಲೆಯೇ ಆಗಿರುತ್ತದೆ, ರೇಬೀಸ್ ಕೂಡ ಆಗಿರಬಹುದು. ಅದಕ್ಕೇ ಬಾಯಿಗೆ ಕೈ ಹಾಕುವ ಮೊದಲು ಡಾಕ್ಟರನ್ನು ಕರೆಯುವುದು ಒಳ್ಳೆಯದು.

ಮನೆಯಲ್ಲಿ ಹಿರಿಯರು ದಾರಿ ತಪ್ಪುತ್ತಿದ್ದರೆ, ಊಟ ಮಾಡಿದ್ದನ್ನು ಮರೆತು ಮತ್ತೆ ಕೇಳುತ್ತಿದ್ದರೆ, ಕೈ ನಡುಗುತ್ತಿದ್ದರೆ ವಯಸ್ಸಾಯಿತು ಬಿಡಿ ಎನ್ನದೆ ಒಮ್ಮೆ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪೂರ್ತಿ ಗುಣವಾಗುವುದಿಲ್ಲ, ಆದರೆ ಪಾರ್ಕಿನ್ಸನ್ ನಡುಕಕ್ಕೆ ಮಾತ್ರೆಗಳಿವೆ, ಮರೆವಿಗೂ ಸ್ವಲ್ಪ ಮಟ್ಟಿಗೆ ಚಿಕಿತ್ಸೆ ಇದೆ. ಥೈರಾಯ್ಡ್ ಅಥವಾ ಬಿ12 ಕೊರತೆಯಿಂದ ಬಂದ ಮರೆವಾದರೆ ಸರಿಹೋಗಲೂಬಹುದು. ಅವರು ಬೇಕೆಂದೇ ಹಾಗೆ ಮಾಡುತ್ತಿಲ್ಲ, ಯಾರೂ ಮಾಟ ಮಾಡಿಸಿಲ್ಲ ಎಂದು ಮನೆಯವರಿಗೆ ತಿಳಿದರೆ ಬೈಗುಳವಾದರೂ ಕಡಿಮೆಯಾಗುತ್ತದೆ.